ತಾರಸಿಯ ಮೇಲೊಂದು ಕುರಿ ಕಟ್ಟುವ ಬಳೆ

ಮನುಷ್ಯನು ಕಾಣುವ ಅಪಾಯಕ್ಕಿಂತ ಕಾಣದ ಅಪಾಯಕ್ಕೆ ಹೆಚ್ಚು ಹೆದರುತ್ತಾನೆ ಎಂದು ತಿಳಿದವರು ಹೇಳುತ್ತಾರೆ. ಅವರು ಸೇಲಂನ ನಮ್ಮ ಬೀದಿಗೆ ಬಂದು, ನೋಡಿ, ಆಮೇಲೆಯೇ ಈ ಮಾತು ಹೇಳಿರಬೇಕು. ನಮ್ಮಲ್ಲಿ ಪ್ರತಿ ಮನೆಯ ಮುಂದೆಯೂ ಒಂದು ತೆರೆದ ಚರಂಡಿ ಇತ್ತು. ಅದು ಕಣ್ಣಿಗೆ ಕಾಣುತ್ತಿತ್ತು, ಮಳೆಗಾಲದಲ್ಲಿ ಕಿವಿಗೂ ಕೇಳುತ್ತಿತ್ತು, ಮೂಗಿಗಂತೂ ಬಸ್ ಸ್ಟಾಪಿನಿಂದಲೇ ಮನೆಯ ದಾರಿ ತೋರಿಸುತ್ತಿತ್ತು. ಅದಕ್ಕೆ ಯಾರೂ ಹೆದರಿದ್ದನ್ನು ನಾನು ನೋಡಿಲ್ಲ. ಮಕ್ಕಳು ಅದರಲ್ಲಿ ಚೆಂಡು ಹುಡುಕುತ್ತಿದ್ದರು. ಹಿರಿಯರು ಅದರ ಮೇಲೆ ಹಾಸಿದ ಕಲ್ಲುಚಪ್ಪಡಿಯ ಮೇಲೆ ಕೂತು ಆರೋಗ್ಯದ ವಿಚಾರ ಮಾತಾಡುತ್ತಿದ್ದರು.

ಮೊನ್ನೆ ನಮ್ಮ ಮನೆಯ ತಾರಸಿ ಸೋರುತ್ತದೆಂದು ಒಬ್ಬ ಮೇಸ್ತ್ರಿಯನ್ನು ಕರೆಸಿದೆ. ಅವನು ಸೋರುವ ಜಾಗ ನೋಡುವುದನ್ನು ಬಿಟ್ಟು ಮೂಲೆಯ ಕೈಪಿಡಿಗೋಡೆಯಲ್ಲಿ ಹೂತಿದ್ದ ಒಂದು ಕಬ್ಬಿಣದ ಬಳೆಯನ್ನು ನೋಡುತ್ತ ನಿಂತ. ದನದ ಕೊಟ್ಟಿಗೆಯಲ್ಲಿ ಇರುತ್ತದಲ್ಲ, ಅಂಥ ದಪ್ಪ ಬಳೆ. ಸೊಸೆ ಅದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಳು. ಎರಡನೇ ಮಹಡಿಯ ಮೇಲೆ ದನ ಕಟ್ಟುತ್ತಿದ್ದಿರಾ ಎಂದು ಅವನು ತಮಿಳಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದ. ದನವಲ್ಲ, ಕುರಿ ಎಂದೆ. ಅವನು ಮುಂದೆ ಕೇಳಲಿಲ್ಲ. ವಯಸ್ಸಾದವರ ಮನೆಯಲ್ಲಿ ಕೆಲಸ ಹಿಡಿದವನು ಕೆಲವು ಪ್ರಶ್ನೆಗಳನ್ನು ನುಂಗಿಕೊಳ್ಳಬೇಕಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅವನು ನುಂಗಿದ್ದನ್ನು ನೀವು ನುಂಗಬೇಕಾಗಿಲ್ಲ. ಕೂತುಕೊಳ್ಳಿ, ಹೇಳುತ್ತೇನೆ.

ನಮ್ಮ ಬೀದಿಯಲ್ಲಿ ಅರ್ಧದಷ್ಟು ಮನೆ ಕನ್ನಡದವರದು. ಮೆಟ್ಟೂರು, ಧರ್ಮಪುರಿ ಕಡೆಯ ಹಳ್ಳಿಗಳಿಂದ ಮಗ್ಗಕ್ಕೋ ಮಿಲ್ಲಿಗೋ ಬಂದು ನಿಂತವರು. ಹೊಸಿಲೊಳಗೆ ಕನ್ನಡ, ಹೊಸಿಲಾಚೆ ತಮಿಳು, ಜಗಳಕ್ಕೆ ಎರಡೂ. ನಾನು ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಹಾಗಾಗಿ ಬೀದಿಗೆಲ್ಲ ಪಾರ್ಸೆಲ್ ಮಾವ. ಆಫೀಸಿನಲ್ಲಿ ಕೋಳಿ, ಕುರಿ, ಒಮ್ಮೆ ಒಂದು ನವಿಲು ಕೂಡ ನನ್ನ ಕೈಯಿಂದ ಊರೂರಿಗೆ ಹೋಗಿವೆ. ಒಂದು ಆಡು ತನ್ನ ಕೊರಳಿಗೆ ಕಟ್ಟಿದ್ದ ಚೀಟಿಯನ್ನು ತಾನೇ ತಿಂದುಬಿಟ್ಟಿತ್ತು. ಚೀಟಿ ಹೋದ ಮೇಲೆ ಅದು ಯಾರದೂ ಅಲ್ಲ, ಯಾವ ಊರಿಗೂ ಅಲ್ಲ. ಸ್ಟೇಷನ್ನಿನಲ್ಲಿ ಬಹುಕಾಲ ಓಡಾಡಿಕೊಂಡಿತ್ತು. ಅಷ್ಟು ನೆಮ್ಮದಿಯ ಪ್ರಾಣಿಯನ್ನು ನಾನು ಮತ್ತೆ ಕಂಡಿಲ್ಲ. ಈ ಅನುಭವದ ಬಲದ ಮೇಲೆ ಬೀದಿಯವರು ನನ್ನನ್ನು ಪಶುಗಳ ವಿಷಯದಲ್ಲಿ ಬಲ್ಲವನೆಂದು ತಿಳಿದಿದ್ದರು. ನಾನೂ ಅಲ್ಲವೆನ್ನಲು ಹೋಗಿರಲಿಲ್ಲ.

ಪಕ್ಕದ ಮನೆಯ ಮಾದಪ್ಪ ಬೆಳ್ಳಿ ಕಾಲ್ಗೆಜ್ಜೆ ಮಾಡಿಸುವವನು. ನೆಲಮಹಡಿಯಲ್ಲಿ ಪಟ್ಟರೆ, ಅಂದರೆ ಕೆಲಸದವರು ಸಾಲಾಗಿ ಕೂತು ಬೆಸುಗೆ ಊದುವ ಜಾಗ, ಮೇಲೆ ಮನೆ, ಅದರ ಮೇಲೆ ಅವನ ಮಹತ್ವಾಕಾಂಕ್ಷೆ. ಸೇಲಂಗೆ ಸೆಲ್ ಫೋನು ಬಂದ ಹೊಸತರಲ್ಲಿ, ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು ಆಗ, ನಮ್ಮ ಬೀದಿಗೆ ಮೊದಲ ಫೋನು ತಂದವನು ಅವನೇ. ಅದು ಅರ್ಧ ಇಟ್ಟಿಗೆಯಷ್ಟಿತ್ತು. ಜೇಬಿಗೆ ಹಾಕಿದರೆ ಅಂಗಿ ಒಂದು ಕಡೆಗೆ ವಾಲುತ್ತಿತ್ತು. ಆದರೆ ನಮ್ಮ ಬೀದಿಯಲ್ಲಿ ಅದಕ್ಕೆ ಸಿಗ್ನಲ್ ಇರಲಿಲ್ಲ. ಬಸ್ ಸ್ಟಾಪಿಗೆ ಹೋಗಿ, ಅಲ್ಲಿನ ಮೈಲಿಗಲ್ಲಿನ ಮೇಲೆ ಒಂದು ಕಾಲಿಟ್ಟು, ಮುಖವನ್ನು ಏರ್ಕಾಡು ಬೆಟ್ಟದ ಕಡೆ ಮಾಡಿದರೆ ಮಾತ್ರ ಮಾತಾಡಲು ಬರುತ್ತಿತ್ತು. ಹಾಗೆ ನಿಂತು ಅವನು ಆಡುತ್ತಿದ್ದ ಮಾತು ಹೆಚ್ಚಾಗಿ ತಾನು ಈಗ ಎಲ್ಲಿ ನಿಂತಿದ್ದೇನೆ ಎಂಬುದೇ.

ಆದ್ದರಿಂದ ಫೋನಿನ ಕಂಪನಿಯವರು ಬಂದು, ನಿಮ್ಮ ತಾರಸಿಯ ಮೇಲೆ ಟವರ್ ನಿಲ್ಲಿಸುತ್ತೇವೆ, ಬಾಡಿಗೆ ಕೊಡುತ್ತೇವೆ ಎಂದಾಗ ಮಾದಪ್ಪನಿಗೆ ದೇವರೇ ಮೆಟ್ಟಿಲು ಹತ್ತಿ ಬಂದಂತಾಯಿತು. ಬೀದಿ ಏನಾಗುತ್ತಿದೆ ಎಂದು ತಿಳಿದುಕೊಳ್ಳುವ ಮೊದಲೇ ಕೆಂಪು ಬಿಳಿ ಬಣ್ಣದ ಕಬ್ಬಿಣದ ಗೋಪುರ ಎದ್ದು, ಅದಕ್ಕೆ ಡೋಲು ಹೋಲುವ ಎರಡು ವಸ್ತುಗಳು, ಬಾಗಿಲಿನ ಪಟ್ಟಿಯಂಥ ಕೆಲವು ವಸ್ತುಗಳು ಅಂಟಿಕೊಂಡವು. ಮೊದಲ ವಾರ ಎಲ್ಲರೂ ಕತ್ತೆತ್ತಿ ನೋಡಿ ಮೆಚ್ಚಿಕೊಂಡರು. ಎರಡನೇ ವಾರ ಟೀ ಅಂಗಡಿಯ ಸೆಲ್ವಂ ಪೇಪರ್ ಓದಿದ.

ಸೆಲ್ವಂ ದಿನವೂ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದ. ಓದಿದ ಮೇಲೆ ಅದೇ ಪೇಪರಿನಲ್ಲಿ ಬೋಂಡ ಕಟ್ಟಿ ಕೊಡುತ್ತಿದ್ದ. ಆ ಕಾರಣದಿಂದ ನಮ್ಮ ಬೀದಿಯಲ್ಲಿ ಯಾವ ಸುದ್ದಿಯನ್ನೂ ಎರಡನೇ ಸಲ ನೋಡಿ ಖಾತರಿ ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಅವನು ಓದಿದ್ದೇನೆಂದರೆ, ಇಂಥ ಟವರಿನಿಂದ ಕಣ್ಣಿಗೆ ಕಾಣದ ಅಲೆ ಹೊರಡುತ್ತದೆ, ಅದು ಗೋಡೆಯೊಳಗೂ ಹಾಯುತ್ತದೆ, ಅದರಿಂದ ಕೆಡುಕುಂಟೋ ಇಲ್ಲವೋ ಎಂದು ದೊಡ್ಡವರಲ್ಲೇ ವಾದ ನಡೆದಿದೆ ಎಂದು. ಸಾಯಂಕಾಲದ ಹೊತ್ತಿಗೆ ಅದರಲ್ಲಿ ವಾದ ಹೋಗಿ ಕೆಡುಕು ಮಾತ್ರ ಉಳಿದಿತ್ತು. ತಲೆನೋವು, ನಿದ್ದೆಗೇಡು, ತೆಂಗಿನ ಮರ ಕಾಯಿ ಬಿಡದಿರುವುದು, ಬಸುರಿಯರಿಗೆ ಗರ್ಭ ನಿಲ್ಲದಿರುವುದು. ನಮ್ಮ ಬೀದಿಯಲ್ಲಿ ತೆಂಗಿನ ಮರವೇ ಇರಲಿಲ್ಲ. ಇದ್ದಿದ್ದರೆ ಬಿಡುತ್ತಿರಲಿಲ್ಲ ಎಂದು ಎಲ್ಲರೂ ಒಪ್ಪಿದರು.

ಇಲ್ಲಿ ನಾನು ಸ್ವಲ್ಪ ದಾರಿ ತಪ್ಪಬೇಕು. ನಾನು ಹುಟ್ಟಿದ ಹಳ್ಳಿ ಮೆಟ್ಟೂರಿಗೆ ಹತ್ತಿರ. ಅಣೆಕಟ್ಟೆಯಿಂದ ಕರೆಂಟು ಹೊತ್ತ ದೊಡ್ಡ ತಂತಿಗಳು ನಮ್ಮ ಕಡಲೆಕಾಯಿ ಹೊಲದ ಮೇಲೆ ಹಾಯ್ದು ಹೋಗುತ್ತಿದ್ದವು. ನಮ್ಮಜ್ಜಿ ತಲೆಯ ಮೇಲೆ ಬುತ್ತಿಯ ಕುಕ್ಕೆ ಹೊತ್ತು ಬರುವಾಗ, ತಂತಿಯ ಕೆಳಗೆ ಬಂದ ಕೂಡಲೇ ಕುಕ್ಕೆಯನ್ನು ಸೊಂಟಕ್ಕೆ ಇಳಿಸಿ, ಬಗ್ಗಿ ದಾಟಿ, ಆಚೆ ಹೋಗಿ ಮತ್ತೆ ತಲೆಗೇರಿಸುತ್ತಿದ್ದಳು. ತಂತಿ ತೆಂಗಿನ ಮರಕ್ಕಿಂತ ಎತ್ತರದಲ್ಲಿತ್ತು. ನಾನು ಅವಳ ಹಿಂದೆ ಹೋಗುತ್ತಿದ್ದವನು, ನಾನೂ ಬಗ್ಗುತ್ತಿದ್ದೆ. ನನ್ನ ಹಿಂದೆ ಬರುತ್ತಿದ್ದ ನಾಯಿ ಬಗ್ಗುತ್ತಿರಲಿಲ್ಲ, ಅದಕ್ಕೆ ಏನೂ ಆಗಲೂ ಇಲ್ಲ. ಆದರೆ ನಾಯಿಯನ್ನು ನೋಡಿ ಕಲಿಯಬೇಕೆಂದು ನನಗೆ ಆಗ ಹೊಳೆಯಲಿಲ್ಲ. ಇವತ್ತಿಗೂ ತಂತಿಯ ಕೆಳಗೆ ನಡೆದರೆ ನನ್ನ ಕತ್ತು ತಾನಾಗಿ ಒಂದಿಷ್ಟು ಕುಗ್ಗುತ್ತದೆ. ನೋಡಿದವರು ಇದನ್ನು ವಿನಯವೆಂದು ತಿಳಿದಿದ್ದಾರೆ. ಆಫೀಸಿನಲ್ಲಿ ಈ ವಿನಯದಿಂದ ನನಗೆ ಒಳ್ಳೆಯ ಹೆಸರೇ ಬಂದಿತ್ತು.

ಹೀಗೆ ವಂಶಪಾರಂಪರ್ಯವಾಗಿ ಅಲೆಗಳಿಗೆ ಬಗ್ಗುವ ನಾನು ಟವರಿನ ವಿಷಯದಲ್ಲಿ ಯಾವ ಪಕ್ಷಕ್ಕೂ ಸೇರಲಿಲ್ಲ. ಬೀದಿ ಎರಡಾಯಿತು. ಮಾದಪ್ಪನ ಪಟ್ಟರೆಯಲ್ಲಿ ಕೆಲಸ ಮಾಡುವವರು, ಫೋನು ಕೊಳ್ಳುವ ಆಸೆ ಇದ್ದವರು ಒಂದು ಕಡೆ. ಉಳಿದವರೆಲ್ಲ ಸೆಲ್ವಂ ಅಂಗಡಿಯ ಬೆಂಚಿನ ಮೇಲೆ. ಪಿಳ್ಳೆಯಾರ್, ಅಂದರೆ ಗಣಪತಿಯ, ಗುಡಿಯ ಮುಂದೆ ಸಭೆ ಸೇರಿತು. ಕಂಪನಿಯಿಂದ ಟೈ ಕಟ್ಟಿದ ಒಬ್ಬ ಯುವಕ ಬಂದು, ಇದು ಮನೆಯ ಬಲ್ಬಿನಷ್ಟೇ ನಿರುಪದ್ರವಿ ಎಂದು ವಿವರಿಸಿದ. ಬೆಂಚಿನ ಕಡೆಯಿಂದ ಒಬ್ಬರು ಹಾಗಾದರೆ ಟವರಿನ ಬಾಗಿಲಿಗೆ ತಲೆಬುರುಡೆಯ ಚಿತ್ರ ಯಾಕೆ ಹಾಕಿದ್ದೀರಿ ಎಂದರು. ಅದು ಕರೆಂಟಿಗೆ ಸಂಬಂಧಿಸಿದ್ದು, ಅಲೆಗಲ್ಲ ಎಂದ. ಕರೆಂಟಿಲ್ಲದೆ ಅಲೆ ಬರುತ್ತದೆಯೇ ಎಂದರು. ಅವನು ಬೆವರು ಒರೆಸಿಕೊಂಡು, ಮೇಲಿನವರನ್ನು ಕೇಳಿ ಬರುತ್ತೇನೆಂದು ಹೋದವನು ಮತ್ತೆ ಬರಲಿಲ್ಲ. ನನ್ನ ಅಭಿಪ್ರಾಯ ಕೇಳಿದಾಗ ನಾನು, ಎರಡೂ ಕಡೆ ವಿಚಾರ ಮಾಡುವಂಥದ್ದು ಇದೆ ಎಂದೆ. ಈ ಒಂದು ವಾಕ್ಯವನ್ನು ಆಡಿಕೊಂಡೇ ನಾನು ಆಫೀಸಿನಲ್ಲಿ ಮೂವರು ಮೇಲಧಿಕಾರಿಗಳನ್ನು ದಾಟಿಸಿದ್ದೆ.

ಇಷ್ಟೇ ಆಗಿದ್ದರೆ ವಿವಾದ ಬೋಂಡದ ಜೊತೆ ಆರಿಹೋಗುತ್ತಿತ್ತು. ಆರದಂತೆ ಮಾಡಿದ್ದು ಎದುರು ಮನೆಯ ಪುಟ್ಟಮ್ಮನ ಮಗಳು ಗೌರಿ. ಅವಳು ಬೀದಿಯಲ್ಲಿ ಇರಲೂ ಇಲ್ಲ.

ಪುಟ್ಟಮ್ಮ ಗಂಡ ತೀರಿಕೊಂಡ ಮೇಲೆ ಮಗ್ಗದವರಿಗೆ ನೂಲು ಸುತ್ತಿಕೊಟ್ಟು ಒಬ್ಬಳೇ ಮಗಳನ್ನು ಬೆಳೆಸಿದವಳು. ಮಗಳನ್ನು ಮೇಚೇರಿಯ ಪಕ್ಕದ ಹಳ್ಳಿಗೆ ಕೊಟ್ಟಿದ್ದಳು. ಗೌರಿಗೆ ಎರಡು ಸಲ ಗರ್ಭ ನಿಲ್ಲದೆ ಹೋಗಿತ್ತು. ಮೂರನೆಯದು ಏಳು ತಿಂಗಳು ದಾಟಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎಂಬುದು ನಮ್ಮಲ್ಲಿ ಮಾತಾಡುವ ವಿಷಯವೇ ಅಲ್ಲ. ಬೆಳಗ್ಗೆ ಹಲ್ಲುಜ್ಜಬೇಕು ಎಂದು ಯಾರೂ ಮಾತಾಡುವುದಿಲ್ಲವಲ್ಲ, ಹಾಗೆ. ಪುಟ್ಟಮ್ಮ ಕೋಣೆಗೆ ಸುಣ್ಣ ಹೊಡೆಸಿ, ಹಳೆಯ ಸೀರೆ ಒಗೆದು ಮಡಿಸಿ, ಬಾಣಂತಿ ಖಾರಕ್ಕೆ ಸಾಮಾನು ತಂದಿಟ್ಟು ಕಾಯುತ್ತಿದ್ದಳು. ಆಗ ಟವರಿನ ಸುದ್ದಿ ಮೇಚೇರಿ ಸಂತೆಗೆ ತಲುಪಿತು. ಗೌರಿಯ ಮಾವ ಬೊಮ್ಮೇಗೌಡರು ಮುಂದಿನ ಬಸ್ಸಿಗೇ ಬಂದರು.

ಬೊಮ್ಮೇಗೌಡರು ಕುರಿ ಸಾಕುವವರು. ಲೋಕದ ಎಲ್ಲ ವಿಷಯವನ್ನೂ ಕುರಿಯ ಅಳತೆಯಲ್ಲಿ ಅಳೆಯುತ್ತಿದ್ದರು. ಪುಟ್ಟಮ್ಮನ ಜಗುಲಿಯ ಮೇಲೆ ಕೂತು, ಟವರನ್ನು ಮೇಲಿಂದ ಕೆಳಗೆ ನೋಡಿ, ಹುಡುಗಿಯನ್ನು ಇದರ ಕೆಳಗೆ ಕಳಿಸುವುದಿಲ್ಲ ಎಂದರು. ಪುಟ್ಟಮ್ಮ ಅತ್ತಳು. ಮಾದಪ್ಪ ಬಂದು ಏನೂ ಆಗುವುದಿಲ್ಲವೆಂದ. ಸೆಲ್ವಂ ಬಂದು ಆಗುತ್ತದೆಂದ. ಎಲ್ಲವನ್ನೂ ಕೇಳಿಸಿಕೊಂಡ ಬೊಮ್ಮೇಗೌಡರು ಎಲೆ ಅಡಿಕೆ ಉಗುಳಿ ಬಂದು ತೀರ್ಪು ಕೊಟ್ಟರು.

"ಪೇಪರು ಏನಾರ ಯೋಳ್ಲಿ, ಕಂಪ್ನಿಯೋನು ಏನಾರ ಯೋಳ್ಲಿ. ಕುರಿ ಸುಳ್ ಯೋಳಾಕಿಲ್ಲ. ಈ ಡವರ್ ಕೆಳಗೆ ಒಂದು ಗಬ್ಬದ ಕುರಿ ಕಟ್ತೀನಿ. ಅದು ಸುಕವಾಗಿ ಮರಿ ಆಕಿದ್ರೆ ನಮ್ ಹುಡ್ಗೀನ ಕಳಿಸ್ತೀನಿ. ಇಲ್ದಿದ್ರೆ ಇಲ್ಲ."

"ಗೌಡ್ರೇ, ಸೇಲತ್ತಿನಾಗೆ ಡಾಕ್ಟ್ರು ಯಾರೂ ಇಲ್ವಾ?" ಎಂದು ಸೆಲ್ವಂ ಕೆಣಕಿದ.

"ಅವ್ರೆ. ಆದ್ರೆ ಅವ್ರನ್ನ ಕಟ್ಟಾಕ್ ಆಗಾಕಿಲ್ಲವಲ್ಲಪ್ಪ" ಎಂದರು ಗೌಡರು.

ಎಲ್ಲಿ ಕಟ್ಟುವುದು ಎಂಬ ಪ್ರಶ್ನೆ ಬಂತು. ಮಾದಪ್ಪನ ತಾರಸಿ ಬೇಡ, ಅವನು ಒಂದು ಪಕ್ಷದವನು. ರಾತ್ರಿ ಕುರಿಗೆ ಟಾನಿಕ್ ಕುಡಿಸಬಹುದು. ಸೆಲ್ವಂ ಕಡೆಯವರ ತಾರಸಿಯೂ ಬೇಡ. ಟವರಿನ ನೆರಳು ಬೀಳುವ, ಯಾವ ಅಭಿಪ್ರಾಯವೂ ಇಲ್ಲದ ಮನುಷ್ಯನ ತಾರಸಿ ಬೇಕಿತ್ತು. ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಜೀವಮಾನವಿಡೀ ಕಾಪಾಡಿಕೊಂಡು ಬಂದ ತಾಟಸ್ಥ್ಯಕ್ಕೆ ಸಂದ ಏಕೈಕ ಸಾರ್ವಜನಿಕ ಗೌರವ ಅದು. ಮರುದಿನ ಗಾರೆಯವನು ಬಂದು ಬಳೆ ಹೂತ. ನಮ್ಮ ಮನೆಯವಳು ಆವತ್ತು ಮಧ್ಯಾಹ್ನದ ಸಾರಿಗೆ ಉಪ್ಪು ಹಾಕಲಿಲ್ಲ.

ಕುರಿ ಬಸ್ಸಿನಲ್ಲಿ ಬಂತು. ಮೇಚೇರಿ ಕುರಿಗೆ ಉಣ್ಣೆ ಇರುವುದಿಲ್ಲ. ನಯವಾದ ಕೆಂಚು ಕೂದಲು, ಉದ್ದ ಕಾಲು. ಪಟ್ಟಣದಲ್ಲೇ ಬೆಳೆದ ನಮ್ಮ ಬೀದಿಯ ಕೆಲವು ಮಕ್ಕಳು ಅದನ್ನು ಜಿಂಕೆಯೆಂದರು. ಇನ್ನೊಂದು ತಿಂಗಳಿಗೆ ಮರಿ ಹಾಕುತ್ತದೆ ಎಂದು ಗೌಡರು ಹೊಟ್ಟೆ ಮುಟ್ಟಿ ಹೇಳಿದರು. ಹೊಸ ಜಾಗದಲ್ಲಿ ಬಿಟ್ಟು ಹೋಗುವ ಮೊದಲು ದೇವರ ಅಪ್ಪಣೆ ಕೇಳಬೇಕೆಂದರು. ಕೇಳುವ ಕ್ರಮ ನಿಮಗೆ ಗೊತ್ತಿರಬಹುದು. ಗುಡಿಯ ಮುಂದೆ ಕುರಿಯನ್ನು ನಿಲ್ಲಿಸಿ ಬೆನ್ನಿನ ಮೇಲೆ ಅರಿಸಿನ ನೀರು ಹಾಕುವುದು. ಅದು ಮೈ ಒದರಿದರೆ ದೇವರು ಒಪ್ಪಿದಂತೆ.

ಗೌಡರು ನೀರು ಹಾಕಿದರು. ಕುರಿ ಒದರಲಿಲ್ಲ. ಇನ್ನೊಂದು ಚೊಂಬು ಹಾಕಿದರು. ಕುರಿ ಪಿಳ್ಳೆಯಾರನನ್ನು ನೋಡುತ್ತ ಮೆಲುಕು ಹಾಕಿತು. ಈ ಮಧ್ಯೆ ಒಂದು ತೊಂದರೆ ಆಯಿತು. ಈ ಅಪ್ಪಣೆ ಕೇಳುವ ಪದ್ಧತಿ ಸಾಮಾನ್ಯವಾಗಿ ನಡೆಯುವುದು ಟಗರನ್ನು ಕಡಿಯುವ ಮೊದಲು. ಗುಂಪಿನ ಹಿಂಭಾಗದಲ್ಲಿದ್ದವರಿಗೆ ಟವರು, ಗರ್ಭ, ಪರೀಕ್ಷೆ ಯಾವುದೂ ಸರಿಯಾಗಿ ತಿಳಿದಿರಲಿಲ್ಲ. ಅರಿಸಿನ ನೀರು ಮಾತ್ರ ಕಂಡಿತ್ತು. ಅವರು ಸದ್ದಿಲ್ಲದೆ ಮನೆಗೆ ಹೋಗಿ ಪಾಲಿಗೆಂದು ಪಾತ್ರೆಗಳನ್ನು ತಂದು ಸಾಲು ನಿಂತಿದ್ದರು. ಸಾಲಿನ ಕೊನೆಯಲ್ಲಿ ನಮ್ಮ ಮನೆಯ ಪಾತ್ರೆಯೂ ಇತ್ತು. ಗಬ್ಬದ ಕುರಿಯನ್ನು ಕಡಿಯುವ ಪಾಪಿಗಳೆಂದು ಒಬ್ಬ ಮುದುಕಿ ಬೈಯಲು ಶುರುಮಾಡಿದಳು. ಅವಳ ಕೈಯಲ್ಲೂ ಪಾತ್ರೆ ಇತ್ತು.

ಆ ಹೊತ್ತಿಗೆ ಸರಿಯಾಗಿ ಮಾದಪ್ಪನ ಜೇಬಿನಲ್ಲಿ ಫೋನು ಕೂಗಿತು. ನಮ್ಮ ಬೀದಿಯಲ್ಲಿ ಅದು ಕೂಗಿದ್ದು ಅದೇ ಮೊದಲು. ಟವರಿಗೆ ಆ ಬೆಳಗ್ಗೆಯಷ್ಟೇ ಜೀವ ಬಂದಿತ್ತಂತೆ. ಕುರಿ ಕಿವಿಯಿಂದ ಬಾಲದವರೆಗೆ ಝಾಡಿಸಿ ಮೈ ಒದರಿತು. ಮುಂದಿನ ಸಾಲಿನವರಿಗೆಲ್ಲ ಅರಿಸಿನ ನೀರಿನ ಪ್ರೋಕ್ಷಣೆಯಾಯಿತು.

ದೇವರು ಒಪ್ಪಿದ ಎಂದ ಮಾದಪ್ಪ. ಅಲೆ ತಾಗಿತು ಎಂದ ಸೆಲ್ವಂ. ಇಬ್ಬರೂ ನನ್ನ ಮುಖ ನೋಡಿದರು. ಎರಡೂ ಕಡೆ ವಿಚಾರ ಮಾಡುವಂಥದ್ದು ಇದೆ ಎಂದೆ. ಗೌಡರು ಮಾತ್ರ, ಯಾವುದಕ್ಕೆ ಒದರಿದರೂ ಒದರಿದ್ದು ಒದರಿದ್ದೇ ಎಂದು ಕುರಿಯನ್ನು ಹೆಗಲ ಮೇಲೆ ಹೊತ್ತು ನಮ್ಮ ಮೆಟ್ಟಿಲು ಹತ್ತಿದರು.

ಆಮೇಲಿನ ದಿನಗಳಲ್ಲಿ ನಮ್ಮ ತಾರಸಿ ಸರ್ಕಾರಿ ಆಸ್ಪತ್ರೆಯ ಹೊರರೋಗಿಗಳ ವಿಭಾಗದಂತಾಯಿತು. ಎರಡೂ ಪಕ್ಷದವರು ದಿನವೂ ಬಂದು ಕುರಿಯ ಕಣ್ಣು, ನಾಲಿಗೆ, ಹಿಕ್ಕೆ ನೋಡಿ ಹೋಗುತ್ತಿದ್ದರು. ಬಂದವರಿಗೆಲ್ಲ ನಮ್ಮ ಮನೆಯವಳು ಕಾಫಿ ಕೊಡಬೇಕಾಯಿತು. ಕುರಿ ಸ್ವಲ್ಪ ಕೆಮ್ಮಿದರೆ ಸೆಲ್ವಂನ ಅಂಗಡಿಯಲ್ಲಿ ವ್ಯಾಪಾರ ಏರುತ್ತಿತ್ತು. ಚೆನ್ನಾಗಿ ಮೇದರೆ ಮಾದಪ್ಪನ ಪಟ್ಟರೆಯಲ್ಲಿ ರೇಡಿಯೋ ದೊಡ್ಡದಾಗಿ ಹಾಕುತ್ತಿದ್ದರು. ನಾನು ಪಾರ್ಸೆಲ್ ಆಫೀಸಿನ ಅಭ್ಯಾಸಬಲದಿಂದ ಬೆಳಗ್ಗೆ ಎದ್ದವನೇ ಮೇಲೆ ಹೋಗಿ ಸರಕು ಸುಸ್ಥಿತಿಯಲ್ಲಿದೆಯೇ ಎಂದು ನೋಡುತ್ತಿದ್ದೆ. ಸರಕೂ ನನ್ನನ್ನು ಅದೇ ದೃಷ್ಟಿಯಿಂದ ನೋಡುತ್ತಿತ್ತು.

ಪುಟ್ಟಮ್ಮ ಮಾತ್ರ ಯಾವ ಪಕ್ಷಕ್ಕೂ ಸೇರದೆ ಹೊತ್ತು ಮೂಡುವಾಗ ಒಮ್ಮೆ, ಮುಳುಗುವಾಗ ಒಮ್ಮೆ ಬರುತ್ತಿದ್ದಳು. ಸೆರಗಿನಲ್ಲಿ ಅಗಸೆ ಸೊಪ್ಪು ತರುತ್ತಿದ್ದಳು. ಅದು ತಿನ್ನುವವರೆಗೂ ಪಕ್ಕದಲ್ಲಿ ಕೂತು, ಕೈಯಲ್ಲಿ ನೂಲಿನ ಲಡಿ ಬಿಡಿಸುತ್ತ, ಅದರೊಡನೆ ಮಾತಾಡುತ್ತಿದ್ದಳು. ನಾನು ಕೇಳಿಸಿಕೊಳ್ಳಬೇಕೆಂದು ಕೇಳಿಸಿಕೊಂಡದ್ದಲ್ಲ, ತಾರಸಿ ನನ್ನದು. ಕಾಲು ಬಾತಿದೆಯೇ, ಹುಳಿ ಬೇಕೆನ್ನಿಸುತ್ತದೆಯೇ, ರಾತ್ರಿ ಮಗ್ಗುಲು ಬದಲಿಸಲು ಕಷ್ಟವಾಗುತ್ತದೆಯೇ ಎಂದೆಲ್ಲ ವಿಚಾರಿಸುತ್ತಿದ್ದಳು. ಒಂದು ದಿನ ಒಂದು ಡಬ್ಬಿಯಲ್ಲಿ ಪುಳಿಯೋಗರೆ ತಂದಿದ್ದಳು. ಕುರಿಗೆ ಅನ್ನ ಆಗದು ಎಂದೆ. ಅವಳು ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಹಾಕಿ, ನೀವು ತಿನ್ನಿ ಮಾವ ಎಂದು ನನ್ನ ಕೈಗೆ ಕೊಟ್ಟಳು. ಬಸುರಿಯ ಬಯಕೆಯ ಊಟವನ್ನು ನಾನು ಉಂಡೆ. ಚೆನ್ನಾಗಿತ್ತು.

ಒಂದು ಬೆಳಗ್ಗೆ ನಾನು ಕಾಫಿ ಲೋಟ ಹಿಡಿದು ಮೇಲೆ ಹೋದಾಗ ಕುರಿ ಒಂದು ಮರಿಯನ್ನು ನೆಕ್ಕುತ್ತ ನಿಂತಿತ್ತು. ನಾನು ಕೆಳಗೆ ಬಗ್ಗಿ ಎದುರು ಮನೆಗೆ ಕೂಗಿ ಹೇಳಿ ತಿರುಗುವಷ್ಟರಲ್ಲಿ ಎರಡಾಗಿತ್ತು.

ಮೇಚೇರಿ ಕುರಿ ಅವಳಿ ಹಾಕುವುದು ಬಲು ಅಪರೂಪ. ಒಂದೇ ಹಾಕುವುದು ಅದರ ಜಾತಿಗುಣ. ಎರಡೂ ಮರಿ ಗಟ್ಟಿಮುಟ್ಟಾಗಿದ್ದವು. ಕಾಲೂರಿ ನಿಂತವು, ಬಿದ್ದವು, ನಿಂತವು. ಬೀದಿ ಪೂರ್ತಿ ನಮ್ಮ ಮೆಟ್ಟಿಲ ಮೇಲಿತ್ತು. ಗೆದ್ದೆನೆಂದು ಮಾದಪ್ಪ ಲಾಡು ಹಂಚಿದ. ಸೋತೆನೆಂದು ಸೆಲ್ವಂ ಒಪ್ಪುವವನೇ? ಒಂದು ಹಾಕುವ ಕುರಿ ಎರಡು ಹಾಕಿದೆಯೆಂದರೆ "ಅದುದಾನ್ ಡವರ್ ವೇಲೆ" ಎಂದ. ಇದೇ ಟವರಿನ ಕೆಲಸವೆಂದು. ಲಾಡು ಮಾತ್ರ ಎರಡು ತೆಗೆದುಕೊಂಡ.

ಮಧ್ಯಾಹ್ನದ ಬಸ್ಸಿಗೆ ಬೊಮ್ಮೇಗೌಡರು ಬಂದರು. ಮರಿಗಳನ್ನು ಒಂದೊಂದು ಕೈಯಲ್ಲಿ ಎತ್ತಿ ತೂಗಿ ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ, "ಅಣ್ಣ, ಇನ್ನೂ ಜಾಗ ಐತಲ್ಲ ಇಲ್ಲಿ. ನಾಕಾರು ಕುರಿ ತಂದು ಕಟ್ಲಾ?" ಎಂದರು. ಅವರ ಪಾಲಿಗೆ ಪರೀಕ್ಷೆ ಮುಗಿದಿತ್ತು. ಶುಕ್ರವಾರ ಒಳ್ಳೆಯ ದಿನ, ಹುಡುಗಿಯನ್ನು ತಾವೇ ಕರೆತಂದು ಬಿಡುವುದಾಗಿ ಪುಟ್ಟಮ್ಮನಿಗೆ ಹೇಳಿದರು.

ಪುಟ್ಟಮ್ಮ ಮರಿಗಳನ್ನೇ ನೋಡುತ್ತಿದ್ದಳು. ಬ್ಯಾಡ ಬೀಗ್ರೇ, ಕಳಿಸ್ಬ್ಯಾಡಿ ಎಂದಳು.

ಒಂದು ತಿಂಗಳಿಂದ ಅತ್ತು ಕರೆದವಳು ಈಗ ಬೇಡವೆಂದರೆ ಯಾರಿಗೆ ಅರ್ಥವಾಗಬೇಕು? ಗೌಡರಿಗೆ ಸಿಟ್ಟು ಬಂತು. ಕಳಿಸುವುದಿಲ್ಲ ಎಂದರೆ ತಪ್ಪು, ಕಳಿಸುತ್ತೇವೆ ಎಂದರೂ ತಪ್ಪು, ಇದು ಯಾವ ಊರಿನ ನ್ಯಾಯ ಎಂದು ಕೇಳಿ ಸೆಲ್ವಂನ ಅಂಗಡಿಗೆ ಟೀ ಕುಡಿಯಲು ಹೋದರು. ಜನ ಇಳಿದರು. ತಾರಸಿಯಲ್ಲಿ ಕುರಿ, ಮರಿಗಳು, ಪುಟ್ಟಮ್ಮ, ನಾನು. ವಾದ ಮಾಡಿ ಅಭ್ಯಾಸವಿಲ್ಲದಿದ್ದರೂ ಲೆಕ್ಕ ನನಗೆ ಬರುತ್ತದೆ. ಆದ್ದರಿಂದ ಲೆಕ್ಕ ಹೇಳಿದೆ.

"ಪುಟ್ಟಮ್ಮ, ಈ ಕುರಿ ಇಲ್ಲಿಗೆ ಬಂದಾಗಲೇ ತಿಂಗಳು ತುಂಬ್ತಾ ಬಂದಿತ್ತು. ಒಂದೋ ಎರಡೋ ಅನ್ನೋದು ಮೇಚೇರೀಲೇ ತೀರ್ಮಾನ ಆಗೋಗಿತ್ತು. ಡವರಿಗೂ ಅದಕ್ಕೂ ಸಂಬಂಧ ಇಲ್ಲ."

"ಗೊತ್ತೈತೆ ಮಾವ."

"ಮತ್ತೆ?"

ಒಂದು ಮರಿ ಅವಳ ಸೆರಗನ್ನು ಚೀಪುತ್ತಿತ್ತು. ಬಿಡಿಸಿಕೊಳ್ಳಲಿಲ್ಲ.

"ನಮ್ ಗೌರಿಗೆ ನಿಲ್ದೆ ಓದ್ವು ಎರಡು, ಮಾವ. ಇಲ್ಲಿ ಈ ಕುರಿಗ್ ಬಂದಂಗೆ ಆ ಎರಡೂ ಒಟ್ಗೆ ತಿರುಗಿ ಬಂದ್ರೆ ಆ ಕೂಸು ಎಂಗ್ ತಡ್ಕೋತಾಳೆ? ಅವಳ ಮೈನಾಗೆ ಏನೈತೆ?"

ಎರಡೂ ಕಡೆ ವಿಚಾರ ಮಾಡುವಂಥದ್ದು ಇದೆ ಎಂದು ನಾನು ಹೇಳಲಿಲ್ಲ. ಹಗ್ಗ ಸಡಿಲವಾಗಿತ್ತು; ಬಿಗಿ ಮಾಡಿದೆ. ಬಿಗಿ ಮಾಡುವ ಅಗತ್ಯವೂ ಇರಲಿಲ್ಲ. ಮರಿ ಹಾಕಿದ ಕುರಿ ಎಲ್ಲಿಗೆ ಹೋಗುತ್ತದೆ?

ಹಾಗಾದರೆ ಹೆರಿಗೆ ಎಲ್ಲಿ ಆಗಬೇಕು? ಗಂಡನ ಮನೆಯಲ್ಲಿ ಆದರೆ ತವರಿಗೆ ಅವಮಾನ. ತಾಯಿ ಅಲ್ಲಿಗೆ ಹೋಗಿ ಬಾಣಂತನ ಮಾಡೋಣವೆಂದರೆ ಬೀಗರ ಮನೆಯಲ್ಲಿ ದಿನಗಟ್ಟಲೆ ಉಂಡು ಮಲಗುವುದು ಇನ್ನೂ ದೊಡ್ಡ ಅವಮಾನ. ಬೀಗರ ಮನೆಯ ನೆಂಟಸ್ತಿಕೆ ಒಂದು ಊಟ, ಒಂದು ಎಲೆಯಡಿಕೆ, ಒಂದು ಬಸ್ಸು, ಅಲ್ಲಿಗೆ ಮುಗಿಯಬೇಕು. ಪುಟ್ಟಮ್ಮ ಎರಡು ದಿನ ಯೋಚಿಸಿದಳು. ಶುಕ್ರವಾರ ಬೆಳಗ್ಗೆ ತನ್ನ ಸೀಮೆಎಣ್ಣೆ ಒಲೆ, ಒಂದು ಮೂಟೆ ಅಕ್ಕಿ, ಪಾತ್ರೆ, ಬಾಣಂತಿ ಖಾರ, ಮಡಿಸಿದ ಹಳೆಯ ಸೀರೆ ಎಲ್ಲವನ್ನೂ ಬಸ್ಸಿನ ಮೇಲೆ ಹೇರಿಸಿ ಹೊರಟಳು. ಕಟ್ಟು ಕಟ್ಟಿದವನು ನಾನು. ಅಷ್ಟು ಅಚ್ಚುಕಟ್ಟಾದ ಪಾರ್ಸೆಲನ್ನು ನೌಕರಿಯಲ್ಲಿದ್ದಾಗಲೂ ಕಟ್ಟಿರಲಿಲ್ಲ. ಅದೇ ಬಸ್ಸಿನಲ್ಲಿ ಗೌಡರು, ಕುರಿ, ಎರಡು ಮರಿಗಳೂ ಹೋದವು. ಮಾದಪ್ಪ ಗೌರಿಯ ಕೂಸಿಗೆಂದು ಒಂದು ಜೊತೆ ಪುಟ್ಟ ಗೆಜ್ಜೆ ಕೊಟ್ಟ. ಒಂದೇ ಜೊತೆ ತಾನೇ ಎಂದು ಪುಟ್ಟಮ್ಮ ಬಿಚ್ಚಿ ನೋಡಿ ಇಟ್ಟುಕೊಂಡಳು.

ಅಲ್ಲಿ ಗೌಡರ ಮನೆಯ ಪಕ್ಕದ ಖಾಲಿ ಕೊಟ್ಟಿಗೆಯನ್ನು ಸಾರಿಸಿ, ತನ್ನ ಒಲೆ ಹಚ್ಚಿ, ತನ್ನ ಅಕ್ಕಿ ಬೇಯಿಸಿ, ಮಗಳನ್ನು ಅಲ್ಲಿಗೆ ಕರೆದು ಉಣ್ಣಿಸಿದಳು. ತನ್ನ ಅಕ್ಕಿ ಬೇಯುವುದು ಎಲ್ಲೋ ಅದೇ ತನ್ನ ಮನೆ, ಆದ್ದರಿಂದ ಮಗಳು ತವರಿಗೆ ಬಂದಂತೆಯೇ ಎಂಬುದು ಅವಳ ವಾದ. ದೊಡ್ಡ ಕೋರ್ಟಿನಲ್ಲೂ ಇದು ನಿಲ್ಲುತ್ತಿತ್ತೆಂದು ನನ್ನ ಭಾವನೆ. ಆದರೆ ಒಂದು ಮನೆಯಲ್ಲಿ ಎರಡು ಒಲೆ ಹೊಗೆಯಾಡಿದರೆ ಆ ಕಡೆ ಅದಕ್ಕೆ ಒಂದೇ ಅರ್ಥ, ಅಣ್ಣತಮ್ಮಂದಿರು ಪಾಲಾದರು ಎಂದು. ಊರಿನವರು ಒಬ್ಬೊಬ್ಬರಾಗಿ ಬಂದು, ಪಾಲಿನಲ್ಲಿ ಯಾರಿಗೆ ಎಷ್ಟು ಕುರಿ ಬಂತು ಎಂದು ಕೇಳಿ ಗೌಡರನ್ನು ಸಂತೈಸಿ ಹೋಗತೊಡಗಿದರು. ಗೌಡರಿಗೆ ಇದ್ದದ್ದು ಒಬ್ಬನೇ ಮಗ. ಕೊನೆಗೆ ಅವರು ಬಾಗಿಲಲ್ಲಿ ಕೂತು, ಬಂದವರಿಗೆಲ್ಲ ಡವರಿನಿಂದ ಶುರುಮಾಡಿ ಪೂರ್ತಿ ಕತೆ ಹೇಳುತ್ತಿದ್ದರಂತೆ. ಕೇಳಿದವರು ಕೊನೆಯಲ್ಲಿ ಮರಿಗಳನ್ನು ನೋಡಿಕೊಂಡು ಹೋಗುತ್ತಿದ್ದರಂತೆ.

ನಮ್ಮ ಬೀದಿಯಲ್ಲಿ ವಾದ ತಾನಾಗಿ ಸೊರಗಿತು. ಕುರಿ ಇಳಿದು ಹೋದ ಮೇಲೆ ದಿನವೂ ನೋಡಲು ಏನೂ ಇರಲಿಲ್ಲ. ಬರೀ ಟವರನ್ನು ಎಷ್ಟು ಹೊತ್ತು ನೋಡುವುದು? ಅಲೆಯಿಂದ ಕೆಡುಕುಂಟೋ ಇಲ್ಲವೋ ಎಂಬುದು ನಮ್ಮಲ್ಲಿ ಯಾರಿಗೂ ಆಗ ತಿಳಿಯಲಿಲ್ಲ, ನನಗೆ ಈಗಲೂ ತಿಳಿಯದು. ಸ್ವಲ್ಪ ಕಾಲದ ಮೇಲೆ ಸೆಲ್ವಂ ತಾನೂ ಒಂದು ಫೋನು ಕೊಂಡ. ಅಂಗಡಿಯ ಒಳಗೆ ಸಿಗ್ನಲ್ ಸರಿಯಾಗಿ ಬರುವುದಿಲ್ಲವೆಂದು ಕಂಪನಿಯವರ ಮೇಲೆ ಕೂಗಾಡುತ್ತಿದ್ದ. ನಮ್ಮ ತಾರಸಿಯ ಬಳೆ ಉಳಿಯಿತು. ನಾನು ಟವರಿನ ಕೆಳಗೆ ಹಾಯುವಾಗ ಕತ್ತು ಬಗ್ಗಿಸುವುದೂ ಉಳಿದಿದೆ.

ಮೇಸ್ತ್ರಿ ಬಳೆಯನ್ನು ಕೀಳಬೇಕೇ ಎಂದು ಕೇಳಿದ. ಬೇಡವೆಂದೆ. ತಾರಸಿ ಸೋರುತ್ತಿದ್ದದ್ದು ಬೇರೆ ಮೂಲೆಯಲ್ಲಿ.

ಗೌರಿಗೆ ಮೇಚೇರಿಯ ಆಸ್ಪತ್ರೆಯಲ್ಲಿ ಹೆಣ್ಣು ಮಗು ಆಯಿತು. ಒಂದೇ.